ನೋವನ್ನು ಹೊತ್ತು ನಡೆದ ಬೆನ್ನು: ಜಾನ್ ಎಫ್. ಕೆನಡಿಯವರ ಬಾಳಿನಿಂದ ಒಂದು ಪಾಠ



ಒಂದು ಮನೆತನಕ್ಕೋ ಒಂದು ಸಂಸ್ಥೆಗೋ ಮುಖ್ಯ ಆಧಾರವಾಗಿ ನಿಂತವರನ್ನು ನಾವು ಕನ್ನಡದಲ್ಲಿ ಬೆನ್ನೆಲುಬು ಎಂದು ಕರೆಯುತ್ತೇವೆ. ಉರ್ದುವಿನಲ್ಲಿಯೂ ಅದೇ ಅರ್ಥದಲ್ಲಿ ರೀಢ್ ಕೀ ಹಡ್ಡಿ ಎನ್ನುತ್ತೇವೆ. ಎರಡೂ ಭಾಷೆಗಳನ್ನು ತರಗತಿಯಲ್ಲಿ ಕಲಿಸುವ ನನಗೆ ಇದು ಮೊದಲಿನಿಂದಲೂ ಸೋಜಿಗದ ಸಂಗತಿ. ಇಷ್ಟೆಲ್ಲ ಎಲುಬುಗಳಿರುವ ದೇಹದಲ್ಲಿ ಎರಡು ಭಾಷೆಗಳೂ ಆಧಾರಕ್ಕೆಂದು ಒಂದೇ ಎಲುಬನ್ನು ಆರಿಸಿಕೊಂಡಿವೆ. ಆದರೆ ಮಾತಿನಲ್ಲಿ ಇಷ್ಟು ಗೌರವ ಕೊಡುವ ನಾವು, ನಮ್ಮದೇ ಬೆನ್ನಿನಲ್ಲಿರುವ ಆ ಎಲುಬನ್ನು ಅದು ನೋಯುವ ತನಕ ನೆನೆಯುವುದಿಲ್ಲ.

ಈ ಸಲದ ಸಂಚಿಕೆಯಲ್ಲಿ ನಿಮಗೆ ಒಬ್ಬ ಪ್ರಸಿದ್ಧ ವ್ಯಕ್ತಿಯ ಬಾಳನ್ನು ಆತನ ಬೆನ್ನಿನ ಕಡೆಯಿಂದ ಹೇಳಬೇಕೆಂದಿದ್ದೇನೆ. ಅವರು ಅಮೆರಿಕದ 35ನೆಯ ಅಧ್ಯಕ್ಷ ಜಾನ್ ಎಫ್. ಕೆನಡಿ. ನೀವು ಅವರ ಚಿತ್ರವನ್ನು ಎಲ್ಲಾದರೂ ನೋಡಿರುತ್ತೀರಿ. ದಟ್ಟ ಕೂದಲು, ಬಿಸಿಲಿಗೆ ಬಣ್ಣ ಬಂದಂತಹ ಮುಖ, ತುಂಬು ನಗು. ಆರೋಗ್ಯವೇ ಮೈವೆತ್ತು ನಿಂತಂತೆ ಕಾಣುವ ಆ ವ್ಯಕ್ತಿ ಅಂಗಿಯ ಒಳಗೆ ಸೊಂಟಕ್ಕೆ ಬಿಗಿಯಾದ ಪಟ್ಟಿ ಕಟ್ಟಿಕೊಂಡಿರುತ್ತಿದ್ದರು ಎಂದರೆ ನಂಬುವಿರಾ? ಅವರು ಕಾಲಿಗೆ ತಾವೇ ಷೂ ಹಾಕಿಕೊಳ್ಳಲೂ ಕಷ್ಟಪಟ್ಟ ದಿನಗಳಿದ್ದವು. ಎಲುಬನ್ನು ಕೆಡಿಸಬಲ್ಲ ಮೂರು ಸಂಗತಿಗಳು, ಅಂದರೆ ಪೆಟ್ಟು, ಹಾರ್ಮೋನಿನ ಏರುಪೇರು ಮತ್ತು ದೇಹದ ಭಂಗಿ, ಆ ಒಂದೇ ಬೆನ್ನಿನ ಮೇಲೆ ಸೇರಿಬಿದ್ದಿದ್ದವು.

ಹಾಸಿಗೆಯಲ್ಲಿ ಕಳೆದ ಬಾಲ್ಯ

ಕೆನಡಿಯವರು ಹುಟ್ಟಿದ್ದು 1917ರ ಮೇ 29ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರೂಕ್‌ಲೈನ್ ಎಂಬ ಊರಿನಲ್ಲಿ. ತಂದೆ ಜೋಸೆಫ್ ಕೆನಡಿ ದೊಡ್ಡ ಶ್ರೀಮಂತ. ಒಂಬತ್ತು ಮಕ್ಕಳಲ್ಲಿ ಇವರು ಎರಡನೆಯವರು. ಮೂರು ವರ್ಷ ತುಂಬುವ ಮೊದಲೇ, 1920ರಲ್ಲಿ, ಸ್ಕಾರ್ಲೆಟ್ ಜ್ವರ ಬಂದು ಸಾವಿನ ಹತ್ತಿರ ಹೋಗಿ ಮರಳಿದರು. ಶಾಲೆಯ ದಿನಗಳಲ್ಲಿ ಹೊಟ್ಟೆಯ ತೊಂದರೆ, ನಿಶ್ಶಕ್ತಿ, ತೂಕ ಏರದಿರುವುದು ಇವೇ ಅವರ ಸಂಗಾತಿಗಳು. 1934ರಲ್ಲಿ ಹೆಸರಾಂತ ಮೇಯೊ ಕ್ಲಿನಿಕ್‌ಗೆ ಸೇರಿಸಿ ಪರೀಕ್ಷೆ ಮಾಡಿಸಿದರೂ ಮೂಲ ಕಾರಣ ತಿಳಿಯಲಿಲ್ಲ. ಮರುವರ್ಷ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಸೇರಿದವರು ಕಾಯಿಲೆಯ ಕಾರಣದಿಂದ ಕೆಲವೇ ವಾರಗಳಲ್ಲಿ ಬಿಟ್ಟುಬರಬೇಕಾಯಿತು. ಆಮೇಲೆ 1936ರಲ್ಲಿ ಹಾರ್ವರ್ಡ್ ಸೇರಿ 1940ರಲ್ಲಿ ಪದವಿ ಪಡೆದರು.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಒಂದು ಮಾತನ್ನು ಗಮನಿಸಿ. ಹಾಸಿಗೆ ಹಿಡಿದಾಗಲೆಲ್ಲ ಆ ಹುಡುಗ ಪುಸ್ತಕ ಹಿಡಿದ. ಇತಿಹಾಸದ ಮೇಲೆ ಅವರಿಗಿದ್ದ ಒಲವು ಬೆಳೆದದ್ದು ಹೀಗೆ. ಹೊರಗೆ ಆಡಲು ಆಗದ ಮಗು ಓದಿನಲ್ಲಿ ಜಗತ್ತನ್ನು ಕಂಡುಕೊಂಡಿತು.

ಪೆಟ್ಟಿನ ಮೇಲೆ ಪೆಟ್ಟು

ಹಾರ್ವರ್ಡ್‌ನಲ್ಲಿ ಅವರು ತೆಳ್ಳಗಿನ ಮೈಯಿಟ್ಟುಕೊಂಡೇ ಅಮೆರಿಕನ್ ಫುಟ್‌ಬಾಲ್ ಆಡಲು ಹೋದರು. ಆ ಆಟದಲ್ಲಿ ಬಲಿಷ್ಠ ಆಟಗಾರರು ಓಡಿಬಂದು ಎದುರಾಳಿಯನ್ನು ಮೈಯಿಂದಲೇ ಗುದ್ದಿ ಕೆಡವುತ್ತಾರೆ. ಬೆನ್ನಿನ ತೊಂದರೆ ಮೊದಲು ತಲೆದೋರಿದ್ದು ಆ ಕಾಲದಲ್ಲಿ.

ಈ ಪೆಟ್ಟು ಎಲ್ಲಿಗೆ ಬೀಳುತ್ತದೆ ಎಂದು ತಿಳಿಯಲು ಬೆನ್ನೆಲುಬಿನ ರಚನೆಯನ್ನು ಸ್ವಲ್ಪ ನೋಡೋಣ. ಬೆನ್ನೆಲುಬು ಒಂದೇ ಎಲುಬಲ್ಲ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಹೀಗೆ 24 ಬಿಡಿ ಎಲುಬುಗಳು ಒಂದರ ಮೇಲೊಂದು ಪೇರಿಸಿದಂತಿವೆ. ಅವುಗಳ ಕೆಳಗೆ ಒಂದಕ್ಕೊಂದು ಬೆಸೆದುಕೊಂಡ ತ್ರಿಕಾಸ್ಥಿ ಮತ್ತು ಬಾಲದ ಎಲುಬು. ಎರಡು ಎಲುಬುಗಳ ನಡುವೆ ಡಿಸ್ಕ್ ಎಂಬ ಮೆತ್ತೆ ಇರುತ್ತದೆ. ಅದರ ಹೊರಸುತ್ತು ಗಟ್ಟಿ ನಾರು, ಒಳಗೆ ಮೆದುವಾದ ತಿರುಳು. ಮೇಲಿನಿಂದ ಬರುವ ಭಾರವೆಲ್ಲ ಕೊನೆಗೆ ಇಳಿಯುವುದು ಸೊಂಟದ ಐದು ಎಲುಬುಗಳ ಮೇಲೆ. ಡಿಸ್ಕಿನ ನಾರು ಹರಿದು ತಿರುಳು ಹೊರಚಾಚಿದರೆ ಪಕ್ಕದ ನರವನ್ನು ಒತ್ತುತ್ತದೆ. ಆಗ ನೋವು ಸೊಂಟದಿಂದ ಕಾಲಿನ ತನಕ ಇಳಿಯುತ್ತದೆ. ಇಡೀ ಸಾಲನ್ನು ನೆಟ್ಟಗೆ ಹಿಡಿದಿಡುವುದು ಬೆನ್ನಿನ ಮತ್ತು ಹೊಟ್ಟೆಯ ಸ್ನಾಯುಗಳು. ಹಗ್ಗ ಸಡಿಲವಾದ ಡೇರೆಯ ಕಂಬದಂತೆ, ಸ್ನಾಯು ಸೋತರೆ ಬೆನ್ನೆಲುಬು ಒಂಟಿಯಾಗುತ್ತದೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಬೆನ್ನಿನ ಕಾರಣದಿಂದಲೇ ಭೂಸೇನೆ ಕೆನಡಿಯವರನ್ನು ಸೇರಿಸಿಕೊಳ್ಳಲಿಲ್ಲ. ತಂದೆಯ ಪರಿಚಯದ ಬಲದಿಂದ ಅವರು ನೌಕಾಪಡೆ ಸೇರಿದರು. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ಬಳಿ ಪಿಟಿ-109 ಎಂಬ ಸಣ್ಣ ಯುದ್ಧದೋಣಿಯ ನಾಯಕರಾದರು. 1943ರ ಆಗಸ್ಟ್ 2ರ ಕಗ್ಗತ್ತಲಲ್ಲಿ ಜಪಾನಿನ ಅಮಗಿರಿ ಎಂಬ ಯುದ್ಧನೌಕೆ ಬಂದು ಆ ದೋಣಿಗೆ ಗುದ್ದಿ ಸೀಳಿತು. 13 ಮಂದಿಯಲ್ಲಿ ಇಬ್ಬರು ತೀರಿಕೊಂಡರು. ಉಳಿದವರು ದೋಣಿಯ ಚೂರನ್ನು ಹಿಡಿದು ಗಂಟೆಗಟ್ಟಲೆ ತೇಲಿದರು. ಕೊನೆಗೆ ದ್ವೀಪವೊಂದಕ್ಕೆ ಈಜುವುದೆಂದು ತೀರ್ಮಾನವಾಯಿತು. ಬೆಂಕಿಯಲ್ಲಿ ಸುಟ್ಟುಕೊಂಡಿದ್ದ ಒಬ್ಬ ಸಂಗಡಿಗನಿಗೆ ಈಜಲು ಆಗುತ್ತಿರಲಿಲ್ಲ. 26 ವರ್ಷದ ಕೆನಡಿಯವರು ಆತನ ಜೀವರಕ್ಷಕ ಕವಚದ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸುಮಾರು 4 ಗಂಟೆ, 5 ಕಿಲೊಮೀಟರಿಗೂ ಹೆಚ್ಚು ದೂರ ಎಳೆದುಕೊಂಡು ಈಜಿದರು. ಬಿಯುಕು ಗಾಸಾ ಮತ್ತು ಎರೋನಿ ಕುಮಾನಾ ಎಂಬ ಇಬ್ಬರು ದ್ವೀಪವಾಸಿಗಳು ತೆಂಗಿನ ಚಿಪ್ಪಿನ ಮೇಲೆ ಕೊರೆದ ಸಂದೇಶವನ್ನು ತಲುಪಿಸಿದ ಮೇಲೆ, ಆಗಸ್ಟ್ 8ರಂದು ಎಲ್ಲರ ರಕ್ಷಣೆಯಾಯಿತು. ಆ ಚಿಪ್ಪನ್ನು ಅವರು ಮುಂದೆ ಅಧ್ಯಕ್ಷರ ಮೇಜಿನ ಮೇಲೆ ಇಟ್ಟುಕೊಂಡಿದ್ದರು.

ಒಬ್ಬ ಮನುಷ್ಯನ ಜೀವ ಉಳಿಯಿತು, ಆದರೆ ಮೊದಲೇ ನೊಂದಿದ್ದ ಬೆನ್ನು ಇನ್ನಷ್ಟು ಕೆಟ್ಟಿತು. 1944ರ ಜೂನ್‌ನಲ್ಲಿ ಬಾಸ್ಟನ್ ನಗರದಲ್ಲಿ ಡಿಸ್ಕಿನ ಶಸ್ತ್ರಚಿಕಿತ್ಸೆ ನಡೆಯಿತು. ಅದರಿಂದ ನೋವು ಹೋಗಲಿಲ್ಲ.

ಕಣ್ಣಿಗೆ ಕಾಣದ ಕೊರತೆ

1946ರಲ್ಲಿ ಕೆನಡಿಯವರು ಅಮೆರಿಕದ ಸಂಸತ್ತಿನ ಕೆಳಮನೆಗೆ ಆಯ್ಕೆಯಾದರು. ಮರುವರ್ಷ ಲಂಡನ್ನಿನಲ್ಲಿ ಇದ್ದಾಗ ಒಮ್ಮೆಲೆ ಕುಸಿದರು. ಅಲ್ಲಿನ ವೈದ್ಯರು ಮೂಲ ರೋಗವನ್ನು ಕೊನೆಗೂ ಹಿಡಿದರು. ಅದು ಅಡಿಸನ್ ಕಾಯಿಲೆ. ಹಡಗಿನಲ್ಲಿ ಊರಿಗೆ ಮರಳುವಾಗ ಸ್ಥಿತಿ ಎಷ್ಟು ಬಿಗಡಾಯಿಸಿತೆಂದರೆ ಪಾದ್ರಿಯನ್ನು ಕರೆಸಿ ಮರಣಕಾಲದ ಪ್ರಾರ್ಥನೆಯನ್ನೂ ಮಾಡಿಸಿದರು.

ಏನಿದು ಅಡಿಸನ್ ಕಾಯಿಲೆ? ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟಂತೆ ಅಡ್ರಿನಲ್ ಎಂಬ ಎರಡು ಪುಟ್ಟ ಗ್ರಂಥಿಗಳಿವೆ. ಅವು ಕಾರ್ಟಿಸೋಲ್ ಮೊದಲಾದ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ರಕ್ತದೊತ್ತಡ, ಉಪ್ಪಿನ ಸಮತೋಲ, ಜ್ವರ ಅಥವಾ ಪೆಟ್ಟನ್ನು ತಾಳುವ ಶಕ್ತಿ ಇವೆಲ್ಲ ಅವನ್ನೇ ನಂಬಿವೆ. ಆ ಗ್ರಂಥಿಗಳು ಕೆಟ್ಟರೆ ನಿಶ್ಶಕ್ತಿ, ವಾಂತಿ, ತೂಕ ಇಳಿಯುವಿಕೆ ಶುರುವಾಗುತ್ತವೆ. ಚರ್ಮದ ಬಣ್ಣವೂ ಗಾಢವಾಗುತ್ತದೆ. ಜನ ಮೆಚ್ಚಿದ ಕೆನಡಿಯವರ ಬಿಸಿಲುಬಣ್ಣದ ಹಿಂದೆ ಈ ಕಾಯಿಲೆಯ ಪಾಲೂ ಇತ್ತೆಂದು ವೈದ್ಯರು ಹೇಳುತ್ತಾರೆ. ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ಇದನ್ನು ವಿವರಿಸಿ ಬರೆದದ್ದರಿಂದ ಆ ಹೆಸರು ಬಂತು. ಬದಲಿ ಹಾರ್ಮೋನು ಸಿಗುವ ಮೊದಲು ಈ ಕಾಯಿಲೆ ಬಂದವರು ಬದುಕಿ ಉಳಿಯುವುದೇ ಅಪರೂಪವಾಗಿತ್ತು. ಕೆನಡಿಯವರಿಗೆ ಮೊದಲು ಹಾರ್ಮೋನಿನ ಗುಳಿಗೆಗಳನ್ನು ಚರ್ಮದಡಿಯಲ್ಲಿ ಹುದುಗಿಸುತ್ತಿದ್ದರು. 1950ರ ದಶಕದಲ್ಲಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಔಷಧಿ ಬಂದು ಅವರ ಜೀವವನ್ನು ಕಾಯಿತು.

ಹಾರ್ಮೋನಿಗೂ ಎಲುಬಿಗೂ ಏನು ನಂಟು ಎಂದು ನೀವು ಕೇಳಬಹುದು. ಎಲುಬು ಕಲ್ಲಲ್ಲ, ಜೀವಂತ ಅಂಗ. ಅದರಲ್ಲಿ ಹಳೆಯ ಭಾಗವನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಸದಾ ಕೆಲಸ ಮಾಡುತ್ತಿರುತ್ತವೆ. ದೊಡ್ಡವರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತರಲ್ಲೊಂದು ಭಾಗ ಹೀಗೆ ಹೊಸದಾಗುತ್ತದೆ. ಎಷ್ಟು ಕರಗಬೇಕು, ಎಷ್ಟು ಕಟ್ಟಬೇಕು ಎಂದು ಅಪ್ಪಣೆ ಕೊಡುವವು ಹಾರ್ಮೋನುಗಳು. ಸ್ಟೀರಾಯ್ಡ್ ಅಳತೆ ಮೀರಿದರೆ ಕಟ್ಟುವ ಕೋಶಗಳು ಮಂದವಾಗುತ್ತವೆ, ಕರುಳು ಆಹಾರದಿಂದ ಕ್ಯಾಲ್ಸಿಯಂ ಹೀರುವುದು ಕಡಿಮೆಯಾಗುತ್ತದೆ. ಬೆನ್ನೆಲುಬಿನ ಎಲುಬುಗಳ ಒಳಭಾಗ ಜೇನುಗೂಡಿನಂತೆ ಸಡಿಲವಾಗಿರುವುದರಿಂದ ಸವೆತ ಮೊದಲು ಕಾಣಿಸುವುದು ಅಲ್ಲಿಯೇ. ದಿನ ಕಳೆದಂತೆ ಭಾರ ತಾಳದೆ ಆ ಎಲುಬು ಕುಸಿಯಲೂಬಹುದು.

ಕೆನಡಿಯವರ ವೈದ್ಯಕೀಯ ದಾಖಲೆಗಳು ಬಹುಕಾಲ ಮುಚ್ಚಿದ್ದವು. 2002ರಲ್ಲಿ ಇತಿಹಾಸಕಾರ ರಾಬರ್ಟ್ ಡ್ಯಾಲೆಕ್ ಅವರು ಒಬ್ಬ ವೈದ್ಯರ ನೆರವಿನಿಂದ ಅವನ್ನು ಪರಿಶೀಲಿಸಿ, ಅವರ ಸೊಂಟದ ಎಲುಬುಗಳು ಸವೆದು ಕುಸಿದಿದ್ದವೆಂದು ಪ್ರಕಟಿಸಿದರು. ಅದಕ್ಕೆ ಸ್ಟೀರಾಯ್ಡ್ ಔಷಧಿಯೇ ಕಾರಣವೆಂಬ ವಾದವನ್ನು ಎಲ್ಲ ವೈದ್ಯರೂ ಒಪ್ಪುವುದಿಲ್ಲ. ಆದರೆ ಪೆಟ್ಟಿನಿಂದ ನೊಂದ ಬೆನ್ನಿಗೆ ಹಾರ್ಮೋನಿನ ಕಾಯಿಲೆಯೂ ಜೊತೆಯಾಗಿತ್ತು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಕತ್ತಿ ಮತ್ತು ಸೂಜಿ

1952ರಲ್ಲಿ ಸೆನೆಟರ್ ಆಗಿ ಆಯ್ಕೆಯಾದರು, 1953ರಲ್ಲಿ ಜಾಕ್ವೆಲಿನ್ ಅವರನ್ನು ಮದುವೆಯಾದರು. 1954ರ ಹೊತ್ತಿಗೆ ಊರುಗೋಲಿಲ್ಲದೆ ನಡೆಯಲಾಗದ ಸ್ಥಿತಿ. ಅಡಿಸನ್ ಕಾಯಿಲೆ ಇದ್ದವರ ದೇಹ ದೊಡ್ಡ ಶಸ್ತ್ರಚಿಕಿತ್ಸೆಯನ್ನು ತಾಳುವುದು ಕಷ್ಟ ಎಂದು ಬಾಸ್ಟನ್ನಿನ ವೈದ್ಯರು ಹಿಂಜರಿದರು. ಕೆನಡಿಯವರು ನ್ಯೂಯಾರ್ಕಿಗೆ ಹೋದರು. ಅಕ್ಟೋಬರ್ 21ರಂದು ಅಲ್ಲಿ ಸೊಂಟದ ಎಲುಬುಗಳನ್ನು ಲೋಹದ ಪಟ್ಟಿ ಇಟ್ಟು ಬೆಸೆದರು. ಸೋಂಕು ತಗುಲಿ ಪ್ರಜ್ಞೆ ತಪ್ಪಿತು. ಮತ್ತೆ ಪಾದ್ರಿ ಬಂದರು. ಹೇಗೋ ಬದುಕಿದರು, ಆದರೆ ಗಾಯ ಮಾಯಲಿಲ್ಲ. 1955ರ ಫೆಬ್ರವರಿಯಲ್ಲಿ ಅದೇ ಪಟ್ಟಿಯನ್ನು ತೆಗೆಯಲು ಇನ್ನೊಂದು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಹಾಸಿಗೆಯಲ್ಲಿ ಮಲಗಿದ್ದ ಆ ತಿಂಗಳುಗಳಲ್ಲಿಯೇ, ತಮ್ಮ ಸಹಾಯಕ ಥಿಯೊಡೋರ್ ಸೊರೆನ್ಸನ್ ಅವರ ದೊಡ್ಡ ನೆರವಿನೊಂದಿಗೆ, ಧೈರ್ಯ ತೋರಿದ ಎಂಟು ಸೆನೆಟರುಗಳ ಬಗ್ಗೆ ಪುಸ್ತಕ ಸಿದ್ಧಪಡಿಸಿದರು. 1957ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು.

1955ರಲ್ಲಿ ಡಾ. ಜ್ಯಾನೆಟ್ ಟ್ರಾವೆಲ್ ಎಂಬ ವೈದ್ಯೆಯ ಬಳಿ ಹೋದರು. ಬೆನ್ನಿನ ಸ್ನಾಯುಗಳು ಗಂಟುಕಟ್ಟಿದಂತೆ ಬಿಗಿದುಕೊಂಡ ಜಾಗಕ್ಕೆ ಅವರು ನೋವು ಮರಗಟ್ಟಿಸುವ ಔಷಧಿಯನ್ನು ಚುಚ್ಚುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ, ಬೇರೆಯವರು ಗಮನಿಸದಿದ್ದ ಒಂದು ಸಂಗತಿಯನ್ನು ಅವರು ಕಂಡರು. ಕೆನಡಿಯವರ ಎಡಗಾಲು ಬಲಗಾಲಿಗಿಂತ ತುಸು ಗಿಡ್ಡವಾಗಿತ್ತು. ಒಂದು ಕಾಲು ಗಿಡ್ಡವಾದರೆ ಸೊಂಟ ಒಂದು ಕಡೆಗೆ ವಾಲುತ್ತದೆ. ತಲೆಯನ್ನು ನೇರವಾಗಿಡಲು ಬೆನ್ನೆಲುಬು ಬಾಗುತ್ತದೆ. ಒಂದು ಬದಿಯ ಸ್ನಾಯು ಹಗಲೆಲ್ಲ ದುಡಿದು ದಣಿಯುತ್ತದೆ. ಟ್ರಾವೆಲ್ ಅವರು ಎಡಗಾಲಿನ ಷೂವಿನ ಹಿಮ್ಮಡಿ ಎತ್ತರಿಸಿದರು. ತೂಗುಕುರ್ಚಿ ಬಳಸಲು ಹೇಳಿದರು. ಒಂದೇ ಭಂಗಿಯಲ್ಲಿ ಕುಳಿತರೆ ಸ್ನಾಯು ಗಟ್ಟಿಯಾಗುತ್ತದೆ, ತೂಗಾಡುತ್ತಿದ್ದರೆ ಅದಕ್ಕೆ ಚಲನೆ ಸಿಗುತ್ತದೆ ಎಂಬುದು ಅವರ ಲೆಕ್ಕ. ಮುಂದೆ ಆ ತೂಗುಕುರ್ಚಿ ಲೋಕಪ್ರಸಿದ್ಧವಾಯಿತು. ಜನ ಅದನ್ನು ಶೋಕಿ ಎಂದುಕೊಂಡರು, ಅದು ಔಷಧಿಯಾಗಿತ್ತು.

ಬಾಗಿದ ಬೆನ್ನು, ಗಟ್ಟಿಯಾದ ಸ್ನಾಯು

1960ರ ನವೆಂಬರ್ 8ರಂದು, 43ನೆಯ ವಯಸ್ಸಿನಲ್ಲಿ, ಕೆನಡಿಯವರು ಅಧ್ಯಕ್ಷರಾಗಿ ಚುನಾಯಿತರಾದರು. ಚುನಾವಣೆಯ ಸಮಯದಲ್ಲಿ ಅಡಿಸನ್ ಕಾಯಿಲೆಯ ಮಾತು ಎದ್ದಾಗ ಅವರ ಕಡೆಯವರು ಮಾತಿನ ಜಾಣ್ಮೆಯಿಂದ ಅದನ್ನು ಅಲ್ಲಗಳೆದರು. ಮತ ಹಾಕುವ ಜನಕ್ಕೆ ನಿಜ ತಿಳಿಯುವ ಹಕ್ಕಿತ್ತು ಎಂಬುದು ನನ್ನ ಅಭಿಪ್ರಾಯ. ದೊಡ್ಡವರ ಬಾಳನ್ನು ಓದುವಾಗ ಅವರ ತಪ್ಪನ್ನೂ ಓದಬೇಕು.

1961ರ ಮೇ ತಿಂಗಳಲ್ಲಿ ಕೆನಡಾ ದೇಶದ ಆಟವಾ ನಗರಕ್ಕೆ ಹೋದಾಗ ಸಸಿ ನೆಡುವ ಸಮಾರಂಭ. ಮಂಡಿ ಬಗ್ಗಿಸದೆ ಸೊಂಟದಿಂದಲೇ ಬಾಗಿ ಗುದ್ದಲಿಯಿಂದ ಮಣ್ಣು ಎತ್ತಿದರು. ಬೆನ್ನು ಮತ್ತೆ ಹಿಡಿದುಕೊಂಡಿತು. ಯುದ್ಧದಲ್ಲಿ ಸಾಗರ ಈಜಿದ ಬೆನ್ನನ್ನು ಕೆಲವು ಹಿಡಿ ಮಣ್ಣು ಮಲಗಿಸಿತು. ಕೆಲವೇ ವಾರಗಳಲ್ಲಿ ವಿಯೆನ್ನಾದಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಅವರೊಡನೆ ಮಹತ್ವದ ಮಾತುಕತೆ ಇತ್ತು. ಅಲ್ಲಿಗೂ ನೋವಿನೊಡನೆಯೇ ಹೋದರು. ಕ್ಯಾಮರಾ ಇಲ್ಲದ ಕಡೆ ಊರುಗೋಲು ಹಿಡಿಯುತ್ತಿದ್ದರು. ಇಂಜೆಕ್ಷನ್ನುಗಳ ಸಂಖ್ಯೆ ಏರುತ್ತಲೇ ಹೋಯಿತು. ದಿಢೀರ್ ಚೈತನ್ಯ ಕೊಡುವ ಆಂಫೆಟಮೀನ್ ಬೆರೆತ ಚುಚ್ಚುಮದ್ದನ್ನು ಗುಟ್ಟಾಗಿ ಕೊಡುತ್ತಿದ್ದ ವೈದ್ಯನೂ ಒಬ್ಬನಿದ್ದ. 1975ರಲ್ಲಿ ಆತನ ವೈದ್ಯವೃತ್ತಿಯ ಪರವಾನಗಿಯೇ ರದ್ದಾಯಿತು.

ಆಗ, 1961ರ ಅಕ್ಟೋಬರ್‌ನಲ್ಲಿ, ನ್ಯೂಯಾರ್ಕಿನ ಡಾ. ಹ್ಯಾನ್ಸ್ ಕ್ರಾಸ್ ಅವರನ್ನು ಕರೆಸಿದರು. ಸ್ವತಃ ಬಂಡೆ ಹತ್ತುವ ಹವ್ಯಾಸವಿದ್ದ ಅವರು ಸ್ನಾಯುಗಳ ದೌರ್ಬಲ್ಯವನ್ನು ಅಧ್ಯಯನ ಮಾಡಿದವರು. ಪರೀಕ್ಷಿಸಿದಾಗ ಅಧ್ಯಕ್ಷರ ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳು ತೀರಾ ಸೋತಿದ್ದವು, ತೊಡೆಯ ಹಿಂಭಾಗದ ಸ್ನಾಯುಗಳು ಬಿಗಿದುಹೋಗಿದ್ದವು. ಕ್ರಾಸ್ ಅವರು ಕತ್ತಿಯನ್ನೂ ಹಿಡಿಯಲಿಲ್ಲ, ಸೂಜಿಯನ್ನೂ ನೆಚ್ಚಲಿಲ್ಲ. ವಾರಕ್ಕೆ ಮೂರು ಸಲ ಬಂದು ಚಿಕ್ಕ ಮಕ್ಕಳಿಗೆ ಕಲಿಸುವಂತೆ ಸಣ್ಣ ಸಣ್ಣ ವ್ಯಾಯಾಮಗಳನ್ನು ಮಾಡಿಸಿದರು. ಮೊದಲು ಬಿಗುವು ಸಡಿಲಿಸುವುದು, ಆಮೇಲೆ ಸ್ನಾಯುವನ್ನು ನಿಧಾನವಾಗಿ ಗಟ್ಟಿಮಾಡುವುದು. ಕೆಲವೇ ತಿಂಗಳಲ್ಲಿ ನೋವು ಗಮನಾರ್ಹವಾಗಿ ಇಳಿಯಿತು. ಶಸ್ತ್ರಚಿಕಿತ್ಸೆಗಳು ಕೊಡದ ನೆಮ್ಮದಿಯನ್ನು ದಿನನಿತ್ಯದ ಶಿಸ್ತು ಕೊಟ್ಟಿತು. ಅದು ಬಂದದ್ದು ಮಾತ್ರ ತಡವಾಗಿ.

1963ರ ಬೇಸಿಗೆಯ ಕೊನೆಯಲ್ಲಿ ತೊಡೆಸಂದಿಯ ಸ್ನಾಯು ಉಳುಕಿ ಮತ್ತೆ ಬಿಗಿಪಟ್ಟಿ ಕಟ್ಟಿಕೊಂಡರು. 1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ತೆರೆದ ಕಾರಿನಲ್ಲಿ ಹೋಗುತ್ತಿದ್ದಾಗ ಗುಂಡಿಗೆ ಬಲಿಯಾದ ಗಳಿಗೆಯಲ್ಲಿಯೂ ಆ ಪಟ್ಟಿ ಅವರ ಮೈಮೇಲಿತ್ತು. ಮೊದಲ ಗುಂಡು ತಗುಲಿದಾಗ ಆ ಪಟ್ಟಿ ಅವರನ್ನು ಮುಂದಕ್ಕೆ ಬಾಗಲು ಬಿಡದೆ ನೆಟ್ಟಗೆ ಹಿಡಿದಿತ್ತೆಂದು ಕೆಲವು ವೈದ್ಯರು ವಾದಿಸಿದ್ದಾರೆ. ಆಗ ಅವರ ವಯಸ್ಸು 46.

ನಮಗೆ ಇದರಿಂದ ಏನು?

ಓದುಗರೇ, ಶ್ರೀಮಂತ ತಂದೆ, ಹೆಸರಾಂತ ಆಸ್ಪತ್ರೆಗಳು, ಕೊನೆಗೆ ಒಂದು ದೇಶದ ಅಧಿಕಾರ, ಇಷ್ಟೆಲ್ಲ ಇದ್ದವರಿಗೆ ಒಂದು ಗಟ್ಟಿ ಬೆನ್ನು ಸಿಗಲಿಲ್ಲ. ನಮ್ಮ ಮಕ್ಕಳಿಗೆ ಅದು ಇನ್ನೂ ಕೈಯಲ್ಲಿದೆ. ಇಪ್ಪತ್ತು ಮೂವತ್ತರ ವಯಸ್ಸಿನೊಳಗೆ ಕೂಡಿಟ್ಟ ಎಲುಬಿನ ಗಟ್ಟಿತನವೇ ಮುಂದಿನ ಬಾಳಿಗೆ ಇಡಗಂಟು. ಹೆಣ್ಣುಮಕ್ಕಳಿಗೆ ಈ ಮಾತು ಇನ್ನೂ ಮುಖ್ಯ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಇಳಿದು ಎಲುಬು ಬೇಗ ಸವೆಯುತ್ತದೆ. ಹಾಲು, ಮೊಸರು, ರಾಗಿ, ಸೊಪ್ಪು, ಮೈಗೆ ಸ್ವಲ್ಪ ಬಿಸಿಲು, ಓಡಾಟ, ಆಟ ಇವುಗಳನ್ನು ಗಂಡುಮಕ್ಕಳಿಗೆ ಮೀಸಲಿಡಬೇಡಿ.

ಮೊಬೈಲಿನ ಮೇಲೆ ಕುತ್ತಿಗೆ ಬಾಗಿಸಿ ಗಂಟೆಗಟ್ಟಲೆ ಕೂರುವವರೇ, ನಡುನಡುವೆ ಎದ್ದು ನಡೆಯಿರಿ. ಭಾರ ಎತ್ತುವಾಗ ಮಂಡಿ ಬಗ್ಗಿಸಿ, ಭಾರವನ್ನು ಮೈಗೆ ಹತ್ತಿರ ಹಿಡಿಯಿರಿ. ಶಾಲೆಯ ಚೀಲವನ್ನು ಒಂದೇ ಹೆಗಲಿಗೆ ನೇತುಹಾಕಬೇಡಿ. ಮನೆಯಲ್ಲಿ ಉಬ್ಬಸಕ್ಕೋ ಕೀಲುನೋವಿಗೋ ಹಿರಿಯರು ಸ್ಟೀರಾಯ್ಡ್ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಈ ಲೇಖನ ಓದಿ ಹೆದರಿ ನಿಲ್ಲಿಸಿಬಿಡಬೇಡಿ. ಒಮ್ಮೆಲೆ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ವೈದ್ಯರನ್ನು ಕೇಳಿ, ಎಲುಬಿನ ರಕ್ಷಣೆಗೆ ಏನು ಮಾಡಬೇಕೆಂದು ತಿಳಿದುಕೊಳ್ಳಿ. ಯಾರೋ ಹೇಳಿದರೆಂದು ಅಂಗಡಿಯಿಂದ ತಂದು ನುಂಗುವುದನ್ನು ಮಾತ್ರ ಮಾಡಬೇಡಿ.

ಕೊನೆಯದಾಗಿ ಒಂದು ಮಾತು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಒಬ್ಬ ಹುಡುಗ ಸೈಕಲ್ಲಿನಿಂದ ಬಿದ್ದು ಬೆನ್ನು ನೋಯಿಸಿಕೊಂಡಿದ್ದ. ಅಬ್ಬಾ ಬಯ್ಯುತ್ತಾರೆಂದು ಮನೆಯಲ್ಲಿ ಹೇಳದೆ ಎರಡು ವಾರ ಮುಚ್ಚಿಟ್ಟ. ಬೆಂಚಿನಲ್ಲಿ ಒಂದು ಕಡೆಗೆ ವಾಲಿ ಕೂರುವುದನ್ನು ಕಂಡು ನಾನು ಮೊದಲು ಗದರಿದೆ, ನೆಟ್ಟಗೆ ಕೂರು ಎಂದೆ. ನಿಜ ತಿಳಿದಾಗ ನನಗೇ ನಾಚಿಕೆಯಾಯಿತು. ವೈದ್ಯರ ಆರೈಕೆಯಲ್ಲಿ ಅವನು ಗುಣವಾದ. ಅಂದಿನಿಂದ ವಾಲಿ ಕೂತ ಮಗುವನ್ನು ಕಂಡರೆ ಮೊದಲು ಎಲ್ಲಿ ನೋಯುತ್ತಿದೆ ಎಂದು ಕೇಳುತ್ತೇನೆ.

ಕೆನಡಿಯವರ ಧೈರ್ಯವನ್ನು ಮೆಚ್ಚಿಕೊಳ್ಳೋಣ. ಆದರೆ ನೋವನ್ನು ನಗುವಿನ ಹಿಂದೆ ಮುಚ್ಚಿಟ್ಟ ಅವರ ರೀತಿಯನ್ನು ಕಲಿಯದಿರೋಣ. ಮಕ್ಕಳು ನೋವನ್ನು ಅಂಜದೆ ಹೇಳಿಕೊಳ್ಳುವಂತಹ ಮನೆ, ಹೇಳಿಕೊಳ್ಳುವಂತಹ ಶಾಲೆ ನಮ್ಮದಾಗಲಿ. ಅವರ ಬೆನ್ನಿಗೆ ನಾವು ಕೊಡಬಹುದಾದ ಮೊದಲ ಆಧಾರ ಅದೇ.